ಯಾವ ಖಾಕಿ, ಯಾರ ಖಾಕಿ? ಮೈಸೂರು ಲ್ಯಾನ್ಸರ್ಸ್‌ಗೆ ಬಣ್ಣ ಹುಡುಕುತ್ತಾ

ಈ ಸಲದ ಮಾತು ಒಂದೇ ಒಂದು ಬಣ್ಣದ ಬಗ್ಗೆ: ಖಾಕಿ. ವಿಡಿಯೋದಲ್ಲಿ ಹೇಳಿದ್ದು ಬಹುಮಟ್ಟಿಗೆ ಇಲ್ಲಿದೆ. ಅಲ್ಲಿ ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಯನ್ನೂ ಸೇರಿಸಿದ್ದೀನಿ.

ಮೊದಲಿಗೆ ಒಂದು ಪುಟ್ಟ ಪರೀಕ್ಷೆ. ಖಾಕಿ ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಬರೋದು ಯಾವ ಬಣ್ಣ? ಊರಿನ ಪೊಲೀಸ್ ಪೇದೆ, ಸರ್ಕಾರಿ ಬಸ್ಸಿನ ಕಂಡಕ್ಟರು, ಆಟೋ ಡ್ರೈವರು, ಪೋಸ್ಟ್‌ಮ್ಯಾನು, ಇವರೆಲ್ಲ ನೆನಪಾಗ್ತಾರೆ ಅಲ್ವಾ? ಈ ನಾಲ್ಕು ಜನರನ್ನ ಒಂದೇ ಸಾಲಲ್ಲಿ ನಿಲ್ಲಿಸಿ ನೋಡಿ. ಒಬ್ಬರ ಅಂಗಿ ಕೆಂಪಿಗೆ ವಾಲಿರುತ್ತೆ, ಒಬ್ಬರದ್ದು ಹಸಿರಿಗೆ, ಒಬ್ಬರದ್ದು ತೊಳೆದು ತೊಳೆದು ಬಿಳಿಚಿಕೊಂಡಿರುತ್ತೆ. ಆದರೂ ನಾಲ್ಕಕ್ಕೂ ಹೆಸರು ಖಾಕಿ. ಇನ್ನು ನಮ್ಮ ಫ್ರಂಟ್-ಎಂಡ್ ಗೆಳೆಯರನ್ನ ಕೇಳಿದ್ರೆ ಅವರದ್ದೇ ಬೇರೆ. ಬ್ರೌಸರ್‌ಗೆ ಖಾಕಿ ಅಂತ ಹೆಸರು ಕೊಟ್ಟರೆ ಅದು ಬಳಿಯೋದು ಕೆಂಪು 240, ಹಸಿರು 230, ನೀಲಿ 140. ಅಂದ್ರೆ ಹಾಲು ಜಾಸ್ತಿ ಬಿದ್ದ ಮಾವಿನಹಣ್ಣಿನ ಸೀಕರಣೆ ಬಣ್ಣ. ಆ ಅಂಗಿ ಹಾಕ್ಕೊಂಡು ಪೊಲೀಸರು ಬಂದ್ರೆ ಕಳ್ಳ ಓಡೋದಿಲ್ಲ, ನಿಂತು ನಗ್ತಾನೆ.

ಇದು ನನಗೆ ಯಾಕೆ ತಲೆನೋವಾಯ್ತು ಅಂದ್ರೆ, ಹೊಸಬರಿಗೆ ಹೇಳಿಬಿಡ್ತೀನಿ, ನಾನು ಪುಣೆಯಲ್ಲಿ ಕೆಲಸ ಮಾಡೋನು. ವಾರವಿಡೀ ಲ್ಯಾಪ್‌ಟಾಪು, ಶನಿವಾರ ಬಂತು ಅಂದ್ರೆ ಟೇಬಲ್ ಲ್ಯಾಂಪ್ ಹಚ್ಚಿಕೊಂಡು ಸೊನ್ನೆ ನಂಬರಿನ ಬ್ರಷ್ ಹಿಡಿದು ಪುಟ್ಟ ಸೈನಿಕ ಬೊಂಬೆಗಳಿಗೆ ಬಣ್ಣ ಹಚ್ಚೋದು. ಮಿನಿಯೇಚರ್ ಪೇಂಟಿಂಗ್ ಅಂದ್ರೆ ರಾಜಸ್ಥಾನಿ ಚಿತ್ರ ಅಂದ್ಕೋಬೇಡಿ. 28 ಮಿಲಿಮೀಟರ್ ಎತ್ತರದ, ಅಂದ್ರೆ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ದೊಡ್ಡ ಬೊಂಬೆಗಳು ಇವು. ಈ ವರ್ಷ ಕೈಗೆತ್ತಿಕೊಂಡಿದ್ದು ಮೈಸೂರು ಲ್ಯಾನ್ಸರ್ಸ್‌ನ ಹನ್ನೆರಡು ಕುದುರೆ ಸವಾರರು, ಹೈಫಾ, 23 ಸೆಪ್ಟೆಂಬರ್ 1918.

ದೆಹಲಿಯಲ್ಲಿರೋ ನಮ್ಮವರಿಗೆ ತೀನ್ ಮೂರ್ತಿ ಗೊತ್ತೇ ಇರುತ್ತೆ. ಆ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು, ಒಬ್ಬ ಜೋಧಪುರದವನು, ಒಬ್ಬ ಹೈದರಾಬಾದಿನವನು. ಲೆನಾರ್ಡ್ ಜೆನ್ನಿಂಗ್ಸ್ ಅನ್ನೋ ಶಿಲ್ಪಿ ಮಾಡಿದ್ದು, 1922ರಲ್ಲಿ ನಿಲ್ಲಿಸಿದ್ದು. ಮೂರೂ ಸಂಸ್ಥಾನಗಳ ಅಶ್ವದಳಗಳು ಹದಿನೈದನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್‌ನಲ್ಲಿದ್ದವು. ಹೈಫಾದ ದಿನ ಜೋಧಪುರದವರು ಊರಿನ ಕಡೆ ನೇರವಾಗಿ ನುಗ್ಗಿದರು. ನಮ್ಮ ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸಿತು. ಮೆಷಿನ್ ಗನ್ ಎದುರಿಗೆ ಕುದುರೆ, ಭರ್ಜಿ! ಬೆಂಗಳೂರಿನ ಜೆ.ಸಿ. ನಗರದ ಹತ್ತಿರವೂ ಇವರದ್ದೊಂದು ಸ್ಮಾರಕ ಇದೆ. ಅದರ ಮುಂದೆ ದಿನಾ ಟ್ರಾಫಿಕ್ಕಲ್ಲಿ ನಿಂತವರು ನಮ್ಮಲ್ಲಿ ಎಷ್ಟು ಜನ ತಲೆಯೆತ್ತಿ ನೋಡಿದ್ದೀವೋ ಏನೋ.

ಆದ್ರೆ ಕಂಚಿಗೆ ಬಣ್ಣ ಇಲ್ಲ. ಆ ಕಾಲದ ಫೋಟೋಗಳು ಬಹುತೇಕ ಕಪ್ಪು-ಬಿಳುಪು. ಅದರಲ್ಲೂ ಆಗಿನ ಎಷ್ಟೋ ಫಿಲ್ಮುಗಳಿಗೆ ಕೆಂಪು ಸರಿಯಾಗಿ ಕಾಣ್ತಾ ಇರಲಿಲ್ಲ, ಹಾಗಾಗಿ ಕೆಂಪು ಕಪ್ಪಾಗಿ, ನೀಲಿ ಬೆಳ್ಳಗಾಗಿ ಬೀಳ್ತಿತ್ತು. ಅದೇ ವರ್ಷ ಪ್ಯಾಲೆಸ್ತೀನಿನಲ್ಲಿ ಫ್ರಾಂಕ್ ಹರ್ಲಿ ಅನ್ನೋ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಪ್ಯಾಜೆಟ್ ಅನ್ನೋ ಪದ್ಧತಿಯಲ್ಲಿ ಕಲರ್ ಚಿತ್ರಗಳನ್ನೂ ತೆಗೆದಿದ್ದ, ಆಸ್ಟ್ರೇಲಿಯನ್ ಸವಾರರದ್ದು. ನೋಡೋಕೆ ಚೆಂದ. ಆದ್ರೆ ಬಣ್ಣದ ಜಾಲರಿ ಮೂಲಕ ನೋಡಿದ ಬಣ್ಣ ಅದು, ಅಳತೆಗೆ ಆಗಲ್ಲ.

ಅಂಗಡಿಯಲ್ಲಾದ್ರೂ ಉತ್ತರ ಇದೆಯಾ? ಇದೆ, ಬೇಕಾದ್ದಕ್ಕಿಂತ ಜಾಸ್ತಿ ಇದೆ. ಹಂಬ್ರಾಲ್‌ನಲ್ಲಿ 26 ನಂಬರ್ ಖಾಕಿ, 72 ನಂಬರ್ ಖಾಕಿ ಡ್ರಿಲ್. ಟಮಿಯಾದಲ್ಲಿ ಎಕ್ಸ್‌ಎಫ್-49 ಖಾಕಿ, ಎಕ್ಸ್‌ಎಫ್-51 ಖಾಕಿ ಡ್ರ್ಯಾಬ್. ವಲ್ಲೆಹೊದಲ್ಲಿ 70.988 ಖಾಕಿ, 70.880 ಖಾಕಿ ಗ್ರೇ, ಜೊತೆಗೆ 70.921 ಇಂಗ್ಲಿಷ್ ಯೂನಿಫಾರ್ಮ್. ಸಿಟಡೆಲ್‌ನಲ್ಲಿ ಹಿಂದೆ ಕಮಾಂಡೋ ಖಾಕಿ ಅಂತ ಒಂದಿತ್ತು. ಇವನ್ನೆಲ್ಲ ಪಕ್ಕಪಕ್ಕ ಬಳಿದರೆ ಒಂದು ಕುಟುಂಬದವರ ಹಾಗೆ ಕಾಣಲ್ಲ, ಒಂದೇ ಊರಿನವರ ಹಾಗೆ ಕಾಣುತ್ತೆ ಅಷ್ಟೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫಂಕ್ಷನ್ ಹೆಸರು ಒಂದೇ, ಒಳಗಿನ ಕೋಡ್ ಬೇರೆ ಬೇರೆ.

ಭಾರತದಲ್ಲಿ ಕೂತವರಿಗೆ ಇನ್ನೊಂದು ಕಷ್ಟ. ಬೇಕಾದ ಬಾಟಲಿ ಬೇಕಾದಾಗ ಸಿಗಲ್ಲ. ಆರು ಸವಾರರಿಗೆ ಬಣ್ಣ ಮುಗಿದಿದೆ, ಇನ್ನಾರಕ್ಕೆ ಬಾಟಲಿ ಖಾಲಿ, ಆನ್‌ಲೈನ್ ಅಂಗಡಿಯಲ್ಲಿ ತಿಂಗಳುಗಟ್ಟಲೆ "ಸ್ಟಾಕ್ ಇಲ್ಲ". ಹೊರಗಿನಿಂದ ತರಿಸೋಣ ಅಂದ್ರೆ 17 ಮಿಲಿಲೀಟರಿನ ಪುಟ್ಟ ಬಾಟಲಿಗೆ ಅದರ ಬೆಲೆಗಿಂತ ಸಾಗಣೆಯೇ ಹೆಚ್ಚು. ಹಾಗಾಗಿ ಒಂದು ಬ್ರ್ಯಾಂಡಿನ ಬದಲಿಗೆ ಇನ್ನೊಂದರಲ್ಲಿ ಯಾವುದು ಹೊಂದುತ್ತೆ ಅಂತ ಹುಡುಕೋದು ನಮಗೆ ಶೋಕಿ ಅಲ್ಲ, ಅನಿವಾರ್ಯ. ಆ ಹುಡುಕಾಟದಲ್ಲೇ ನನಗೆ ಅನ್ನಿಸಿದ್ದು, ಖಾಕಿಯ ಇತಿಹಾಸವೇ ಬದಲಿ ಬಣ್ಣಗಳ ಇತಿಹಾಸ ಅಂತ.

ಖಾಕ್ ಅಂದ್ರೆ ಪಾರ್ಸಿಯಲ್ಲಿ, ಉರ್ದುವಿನಲ್ಲಿ ಮಣ್ಣು, ಧೂಳು. ಖಾಕಿ ಅಂದ್ರೆ ಮಣ್ಣಿನಂಥದ್ದು. ಯಾವ ಮಣ್ಣು ಅಂತ ಆ ಪದ ಹೇಳೋದೇ ಇಲ್ಲ! ಪೇಶಾವರದ ಮಣ್ಣೋ, ಕೋಲಾರದ ಮಣ್ಣೋ? 1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಪೇಶಾವರದಲ್ಲಿ ಕೋರ್ ಆಫ್ ಗೈಡ್ಸ್ ಅನ್ನೋ ದಳ ಕಟ್ಟಿದಾಗ, ಗುಡ್ಡದಲ್ಲಿ ಕಾಣದ ಹಾಗಿರಲಿ ಅಂತ ಈ ಬಣ್ಣ ಆರಿಸಿದ. ಅವನ ಕೈಕೆಳಗಿನ ಹಾಡ್ಸನ್ ಸ್ವಲ್ಪ ದಿನದಲ್ಲೇ ಇಂಗ್ಲೆಂಡಿನಲ್ಲಿದ್ದ ತನ್ನ ಅಣ್ಣತಮ್ಮಂದಿರಲ್ಲೊಬ್ಬನಿಗೆ ಕಾಗದ ಬರೆದು ಮಾಸಲು ಬಣ್ಣದ ಬಟ್ಟೆ ಕಳಿಸು ಅಂದ. 1857ರ ಹೊತ್ತಿಗೆ ಬ್ರಿಟಿಷ್ ಪಡೆಗಳು ತಮ್ಮ ಬಿಳಿ ಬಟ್ಟೆಯನ್ನ ಸಿಕ್ಕಿದ್ದರಲ್ಲಿ ಅದ್ದಿದವು: ಚಹಾ ಕಷಾಯ, ಮಣ್ಣು, ಮಸಿ. ಒಂದೊಂದು ರೆಜಿಮೆಂಟಿಗೆ ಒಂದೊಂದು ಬಣ್ಣ. ಒಗೆದರೆ ಇನ್ನೊಂದು ಬಣ್ಣ.

ಈಗ ನಮ್ಮ ಕಡೆಗೆ ಬರೋಣ. ಬಾಸೆಲ್ ಮಿಷನ್ ಅಂದ್ರೆ ನಮಗೆ ನೆನಪಾಗೋದು ಮಂಗಳೂರು ಹೆಂಚು, 1843ರ ಮಂಗಳೂರ ಸಮಾಚಾರ, ಕಿಟ್ಟೆಲ್ ನಿಘಂಟು. ಅದೇ ಮಿಷನ್ನಿನವರದ್ದು ಬಲ್ಮಠದಲ್ಲಿ ಒಂದು ನೇಯ್ಗೆ ಕಾರ್ಖಾನೆಯೂ ಇತ್ತು. 1851ರಲ್ಲಿ ಹಾಲರ್ ಅನ್ನೋ ನೇಯ್ಗೆ ಬಲ್ಲವನು ಯೂರೋಪಿನಿಂದ ಬಂದು ಹೊಸ ಬಗೆಯ ಕೈಮಗ್ಗ ತಂದ, ಬಣ್ಣದ ಪ್ರಯೋಗ ಶುರುಮಾಡಿದ. ಖಾಕಿ ಬಣ್ಣ ಸಿದ್ಧಪಡಿಸಿದ ಶ್ರೇಯವನ್ನ ಮಿಷನ್ನಿನ ಇತಿಹಾಸ ಬರೆದವರು ಇವನಿಗೇ ಕೊಡ್ತಾರೆ. ಲಮ್ಸ್‌ಡೆನ್ ಮೊದಲೋ ಹಾಲರ್ ಮೊದಲೋ ಅಂತ ಜಗಳ ಆಡೋರು ಇದ್ದಾರೆ. ನನ್ನ ಪ್ರಕಾರ ಅದು ಜಗಳವೇ ಅಲ್ಲ. ಪೇಶಾವರದಲ್ಲಿ ಹುಟ್ಟಿದ್ದು ಇಂಥ ಬಣ್ಣ ತೊಡಬೇಕು ಅನ್ನೋ ಯೋಚನೆ. ಬಲ್ಮಠದಲ್ಲಿ ನಡೆದಿದ್ದು ಆ ಬಣ್ಣವನ್ನ ಬಟ್ಟೆಗೆ ಕಚ್ಚಿಸೋ ಕೆಲಸ. ಎರಡನೆಯದು ಹೆಚ್ಚು ಕಷ್ಟದ್ದು, ಅದನ್ನ ಮಾಡಿದವರ ಹೆಸರೇ ಜನಕ್ಕೆ ಕಡಿಮೆ ಗೊತ್ತು. ನಮ್ಮ ಆಫೀಸುಗಳಲ್ಲೂ ಹೀಗೇ ತಾನೇ?

ಆದ್ರೂ ದೊಡ್ಡ ಪ್ರಮಾಣದಲ್ಲಿ, ಬಿಸಿಲಿಗೂ ಸೋಪಿಗೂ ಜಗ್ಗದ ಖಾಕಿ ಬಂದಿದ್ದು 1884ರಲ್ಲಿ. ಇಂಗ್ಲೆಂಡಿನ ಆಕ್ರಿಂಗ್ಟನ್ ಅನ್ನೋ ಊರಿನ ಫ್ರೆಡರಿಕ್ ಗ್ಯಾಟಿ ಇದಕ್ಕೆ ಪೇಟೆಂಟ್ ಪಡೆದ. ಈ ಬಗೆಯ ಬಣ್ಣಕ್ಕೆ ಮಿನರಲ್ ಖಾಕಿ ಅಂತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಇಡೀ ಕಥೆಯ ಕೀಲಿ ಇಲ್ಲೇ ಇದೆ. ಹತ್ತಿ ಬಟ್ಟೆಯನ್ನ ಕಬ್ಬಿಣದ ಲವಣ, ಕ್ರೋಮಿಯಂ ಲವಣ ಎರಡೂ ಬೆರೆಸಿದ ನೀರಲ್ಲಿ ನೆನೆಸೋದು, ಒಣಗಿಸೋದು, ಆಮೇಲೆ ಕ್ಷಾರದ ನೀರಿಗೆ ಹಾಕೋದು. ಆಗ ಎರಡೂ ಲೋಹಗಳ ಆಕ್ಸೈಡುಗಳು ನೂಲಿನ ಒಳಗೇ ಕೂತುಬಿಡುತ್ತವೆ. ಅಂದ್ರೆ ಬಟ್ಟೆಯ ಒಳಗೆ ನಿಜಕ್ಕೂ ಒಂಥರಾ ಮಣ್ಣೇ ತುಂಬಿದ ಹಾಗೆ. ಕಬ್ಬಿಣ ಜಾಸ್ತಿ ಇಟ್ಟರೆ ಬಣ್ಣ ಹಳದಿ-ಕೆಂಪಿಗೆ ವಾಲುತ್ತೆ, ಕ್ರೋಮಿಯಂ ಜಾಸ್ತಿ ಆದ್ರೆ ಹಸಿರಿಗೆ. ನಮ್ಮ ಕಾವಿ, ಕೆಮ್ಮಣ್ಣು ಎರಡಕ್ಕೂ ಬಣ್ಣ ಬರೋದು ಕಬ್ಬಿಣದ ಆಕ್ಸೈಡಿಂದಲೇ. ಖಾದಿ, ಕಾವಿ, ಖಾಕಿ ಅಂತ ರಾಜಕೀಯದ ಭಾಷಣದಲ್ಲಿ ಒಟ್ಟಿಗೆ ಹೇಳ್ತಾರಲ್ಲ, ಅದರಲ್ಲಿ ಎರಡು ರಸಾಯನಶಾಸ್ತ್ರದಲ್ಲೂ ಅಕ್ಕತಂಗಿಯರೇ.

ಆದ್ರೆ ಈ ವಿಧಾನ ಹತ್ತಿಗೆ ಸರಿ, ಉಣ್ಣೆಗೆ ಅಲ್ಲ. ಕ್ಷಾರ ಉಣ್ಣೆಯನ್ನ ತಿಂದುಬಿಡುತ್ತೆ. 1902ರಲ್ಲಿ ಬ್ರಿಟಿಷ್ ಸೈನ್ಯ ತನ್ನ ದೇಶದೊಳಗಿನ ಸಮವಸ್ತ್ರವನ್ನೂ ಖಾಕಿ ಮಾಡಿತು, ಆದ್ರೆ ಅದು ಸರ್ಜ್ ಅನ್ನೋ ಉಣ್ಣೆ ಬಟ್ಟೆ. ಅದಕ್ಕೆ ಬೇರೆ ಬಣ್ಣಗಳು, ಬೇರೆ ದಾರಿ. ಫಲಿತಾಂಶ ಹಸಿರು ಬೆರೆತ ಗಾಢ ಕಂದು. ಬಿಸಿಲ ನಾಡಿನವರಿಗೆ ಖಾಕಿ ಡ್ರಿಲ್ ಅನ್ನೋ ದಪ್ಪ ಹತ್ತಿ ಬಟ್ಟೆ, ಮರಳಿನ ಬಣ್ಣ. ಸರ್ಕಾರಿ ಕಾಗದದಲ್ಲಿ ಎರಡೂ ಖಾಕಿ. ಕಣ್ಣಿಗೆ ಒಂದು ಹುರಿದ ಕಾಫಿಬೀಜಕ್ಕೆ ಹತ್ತಿರ, ಇನ್ನೊಂದು ಗೋಧಿಹಿಟ್ಟಿಗೆ ಹತ್ತಿರ. 1914ರಲ್ಲಿ ಯುದ್ಧ ಶುರುವಾಗಿ ಲಕ್ಷಾಂತರ ಹೊಸಬರು ಸೇರಿದಾಗ ಖಾಕಿ ಸರ್ಜ್ ಸಾಲಲಿಲ್ಲ. ಆಗೇನು ಮಾಡಿದ್ರು? ಸಿಕ್ಕ ನೀಲಿ ಬಟ್ಟೆಯಲ್ಲೇ ಹೊಲಿಸಿ ಕೊಟ್ಟರು. ಕಿಚನರ್ ಬ್ಲೂ ಅಂತಲೇ ಅದಕ್ಕೆ ಹೆಸರು ಬಿತ್ತು. ಸೈನ್ಯವೇ ಸ್ಟಾಕ್ ಇಲ್ಲದಾಗ ಬದಲಿ ಬಣ್ಣ ಹುಡುಕಿದ ಮೇಲೆ ನಮ್ಮದೇನು!

ಇದನ್ನ ಗೊತ್ತುಮಾಡಿಕೊಂಡ ಮೇಲೆ ಅಂಗಡಿಯ ಬಾಟಲಿಗಳ ಅರ್ಥ ಬದಲಾಗುತ್ತೆ. ಇಂಗ್ಲಿಷ್ ಯೂನಿಫಾರ್ಮ್ ಅನ್ನೋದು ಉಣ್ಣೆಯ ಖಾಕಿ. ಹಂಬ್ರಾಲ್ 72ರ ಹೆಸರಲ್ಲೇ ಡ್ರಿಲ್ ಇದೆ, ಅದು ಹತ್ತಿಯದ್ದು. ಯಾವುದೋ ಪಟ್ಟಿ ನೋಡಿ "ಮೊದಲ ಮಹಾಯುದ್ಧ, ಬ್ರಿಟಿಷ್ ಪಡೆ, ಖಾಕಿ" ಅಂತ ಇಂಗ್ಲಿಷ್ ಯೂನಿಫಾರ್ಮ್ ಬಳಿದರೆ, ಸೆಪ್ಟೆಂಬರ್ ಬಿಸಿಲಲ್ಲಿ ಕಾರ್ಮೆಲ್ ಹತ್ತಿದ ಮೈಸೂರಿನವನಿಗೆ ಫ್ರಾನ್ಸಿನ ಚಳಿಯ ಉಣ್ಣೆ ಕೋಟು ಹೊದಿಸಿದ ಹಾಗಾಯ್ತು. ಈ ಬಣ್ಣದ ಸೆಟ್ಟುಗಳನ್ನ ಮಾಡೋರು ಜರ್ಮನ್, ಬ್ರಿಟಿಷ್, ಅಮೆರಿಕನ್ ಸೈನ್ಯಗಳನ್ನ ತಲೆಯಲ್ಲಿಟ್ಟುಕೊಂಡು ಮಾಡ್ತಾರೆ, ಅದು ಅವರ ಮಾರುಕಟ್ಟೆ, ತಪ್ಪಿಲ್ಲ. ಮೈಸೂರು ಲ್ಯಾನ್ಸರ್ಸ್ ಅಂತ ಲೇಬಲ್ ಇರೋ ಬಾಟಲಿ ನಾನಂತೂ ನೋಡಿಲ್ಲ. ನಮ್ಮವರ ಬಣ್ಣವನ್ನ ನಾವೇ ಹುಡುಕಬೇಕು.

ಖಾಕಿಯ ಈ ಗೊಂದಲ ಬರೀ ನಮ್ಮದಲ್ಲ. ಅಮೆರಿಕನ್ನರ ಖಾಕಿ ತೆಳು ಮರಳು ಬಣ್ಣದ ಹತ್ತಿ. ರಷ್ಯನ್ನರು ಖಾಕಿ ಅಂದ್ರೆ ಹಸಿರನ್ನ ನೆನೆಸ್ಕೊಳ್ತಾರೆ. ಸ್ವಾತಂತ್ರ್ಯ ಬಂದ ಮೇಲೆ ಭಾರತದ ಸೈನ್ಯ ಆಲಿವ್ ಹಸಿರಿಗೆ ಹೋಯ್ತು, ಪಾಕಿಸ್ತಾನದ್ದು ಖಾಕಿಯಲ್ಲೇ ಉಳಿಯಿತು, ಇಲ್ಲಿ ಖಾಕಿ ಪೊಲೀಸರ ಪಾಲಿಗೆ ಬಂತು.

ಹೆಸರಿನಿಂದ ಕೆಲಸ ಆಗಲ್ಲ ಅಂತ ಸರ್ಕಾರಗಳಿಗೂ ಕಾರ್ಖಾನೆಗಳಿಗೂ ಬೇಗ ಗೊತ್ತಾಯ್ತು. 1927ರಲ್ಲಿ ಜರ್ಮನಿಯಲ್ಲಿ ರಾಲ್ ಅನ್ನೋ ಸಂಸ್ಥೆ 40 ಬಣ್ಣಗಳಿಗೆ ನಂಬರ್ ಕೊಟ್ಟಿತು. 1930ರಲ್ಲಿ ಬ್ರಿಟನ್ನಿನ ಸ್ಟ್ಯಾಂಡರ್ಡ್ 381 ಬಂತು. 1956ರಲ್ಲಿ ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595. ಈ ಕೊನೆಯದು ನಮ್ಮಂಥವರಿಗೆ ಬಹಳ ಇಷ್ಟ ಆಗೋ ಥರದ್ದು. ಐದು ಅಂಕಿಯ ನಂಬರ್, ಮೊದಲ ಅಂಕಿ ಹೊಳಪು (1 ಅಂದ್ರೆ ಹೊಳೆಯೋದು, 3 ಅಂದ್ರೆ ಮ್ಯಾಟ್), ಎರಡನೆಯದು ಬಣ್ಣದ ಗುಂಪು (0 ಕಂದು, 3 ಹಳದಿ, 4 ಹಸಿರು). ನಂಬರ್ ನೋಡಿದ್ರೆ ಅರ್ಧ ವಿಷಯ ಗೊತ್ತಾಗುತ್ತೆ, ಒಳ್ಳೆ ಸ್ಕೀಮಾ. ಆದ್ರೆ 1918ರ ಬಟ್ಟೆಗೆ ಈ ಯಾವ ನಂಬರೂ ಇಲ್ಲ. ಇವೆಲ್ಲ ಆಮೇಲೆ ಬಂದವು, ಅದೂ ಪೇಂಟಿಗೆ.

ಹವ್ಯಾಸದ ಕಂಪನಿಗಳ ಹುಟ್ಟು ಇನ್ನೂ ವಿಚಿತ್ರ. ಹಂಬ್ರಾಲ್ 1919ರಲ್ಲಿ ಇಂಗ್ಲೆಂಡಿನ ಹಲ್ ಊರಿನಲ್ಲಿ ಹಂಬರ್ ಆಯಿಲ್ ಕಂಪನಿ ಅಂತ ಶುರುವಾಗಿದ್ದು. ವಲ್ಲೆಹೊ 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿ, ಕಾರ್ಟೂನ್ ಸಿನಿಮಾದವರಿಗೆ ಬಣ್ಣ ಮಾಡ್ತಾ ಇದ್ದು, 1969ರಲ್ಲಿ ಸ್ಪೇನಿಗೆ ಹೋಯ್ತು. ಒಬ್ಬರದ್ದು ಎನಾಮಲ್, ಇನ್ನೊಬ್ಬರದ್ದು ನೀರಿನ ಅಕ್ರಿಲಿಕ್. ಒಬ್ಬರಿಗೆ ವಿಮಾನದ ಬಣ್ಣ ಮುಖ್ಯ, ಇನ್ನೊಬ್ಬರಿಗೆ ಚಿತ್ರ ಬರೆಯೋದು ಮುಖ್ಯ. ಹೀಗಿರುವಾಗ ಖಾಕಿ ಒಂದೇ ಆಗಲಿ ಅಂದ್ರೆ ಹೇಗೆ? ಸಿಟಡೆಲ್‌ನವರು 2012ರಲ್ಲಿ ತಮ್ಮ ಇಡೀ ಶ್ರೇಣಿಯನ್ನೇ ಬದಲಾಯಿಸಿದಾಗ ಕಮಾಂಡೋ ಖಾಕಿಗೆ ಹತ್ತಿರದ್ದು ಕರಾಕ್ ಸ್ಟೋನ್, ಗ್ರೇವ್‌ಯಾರ್ಡ್ ಅರ್ಥ್‌ಗೆ ಹತ್ತಿರದ್ದು ಸ್ಟೀಲ್ ಲೀಜನ್ ಡ್ರ್ಯಾಬ್ ಅಂತ ತಾವೇ ಪಟ್ಟಿ ಕೊಟ್ಟರು. ಗಮನಿಸಿ, "ಹತ್ತಿರದ್ದು". ಒಂದೇ ಕಂಪನಿಯೊಳಗೂ "ಅದೇ" ಅಲ್ಲ. ಮಾಲೀಕರಿಗೆ ಹೆಸರು ಸ್ವಂತದ್ದಾಗಿರಬೇಕು, ಬೇರೆಯವರು ಬಳಸಬಾರದು. ಕರಾಕ್ ಸ್ಟೋನ್ ಅನ್ನೋ ಹೆಸರಿಂದ ಅದು ಯಾವ ಬಣ್ಣ ಅಂತ ಊಹಿಸಿ ನೋಡೋಣ!

ಹೆಸರಿಗಿಂತ ಗಟ್ಟಿಯಾದ ಗುರುತು ಒಂದಿದೆ. 1924ರಿಂದ ಪ್ರಕಟವಾಗ್ತಾ ಬಂದಿರೋ ಕಲರ್ ಇಂಡೆಕ್ಸ್. ಇವತ್ತು ಅದರಲ್ಲಿ ಪ್ರತಿ ವರ್ಣದ್ರವ್ಯಕ್ಕೂ ಒಂದು ಕೋಡ್. ಪಿವೈ 42 ಅಂದ್ರೆ ಹಳದಿ ಕಬ್ಬಿಣದ ಆಕ್ಸೈಡ್. ಪಿಬಿಆರ್ 7 ಅಂದ್ರೆ ಅಂಬರ್, ಸಿಯೆನ್ನಾ ಮಣ್ಣುಗಳು, ಅಲ್ಲೂ ಕಬ್ಬಿಣ. ಪಿಜಿ 17 ಅಂದ್ರೆ ಕ್ರೋಮಿಯಂ ಆಕ್ಸೈಡ್ ಹಸಿರು. ಪಿಡಬ್ಲ್ಯೂ 6 ಅಂದ್ರೆ ಟೈಟಾನಿಯಂ ಬಿಳಿ. ಒಳ್ಳೆ ಆರ್ಟಿಸ್ಟ್ ಪೇಂಟಿನ ಟ್ಯೂಬ್ ಮೇಲೆ ಸಣ್ಣಕ್ಷರದಲ್ಲಿ ಇದು ಇರುತ್ತೆ. ಮಿನಿಯೇಚರ್ ಪೇಂಟ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಇರಲ್ಲ.

ಈಗ ಗ್ಯಾಟಿಯ ತೊಟ್ಟಿಯನ್ನ ನೆನಪಿಸಿಕೊಳ್ಳಿ. ಅದರಲ್ಲಿದ್ದದ್ದು ಕಬ್ಬಿಣ, ಕ್ರೋಮಿಯಂ. ಪಿವೈ 42 ಮತ್ತು ಪಿಜಿ 17, ಅವೂ ಅವೇ. ಅಂದ್ರೆ ಖಾಕಿ ಡ್ರಿಲ್‌ನ ಬದಲಿ ಹುಡುಕೋಕೆ ಇನ್ನೊಂದು ಖಾಕಿ ಬಾಟಲಿ ಬೇಕಾಗೇ ಇಲ್ಲ. ಲೇಬಲ್ ನೋಡಿ ಯೆಲ್ಲೋ ಓಕರ್, ರಾ ಅಂಬರ್, ಕ್ರೋಮಿಯಂ ಆಕ್ಸೈಡ್ ಗ್ರೀನ್, ಟೈಟಾನಿಯಂ ವೈಟ್ ತಂದರೆ ಸಾಕು. ಸ್ಟೇಷನರಿ ಅಂಗಡಿಯಲ್ಲಿ ಇವುಗಳಲ್ಲಿ ಮೂರಂತೂ ಸಿಕ್ಕೇ ಸಿಗುತ್ತೆ. ನಾನು ಬೆರೆಸಿದ್ದು ಓಕರ್ ನಾಲ್ಕು ಪಾಲು, ಬಿಳಿ ಎರಡು, ಅಂಬರ್ ಒಂದು, ಹಸಿರು ಬ್ರಷ್ಷಿನ ತುದಿಯಷ್ಟು. ಹಸಿರು ಹಾಕೋವರೆಗೂ ಅದು ಸುಮ್ಮನೆ ಕೊಳಕು ಹಳದಿ. ಆ ಒಂದು ತುದಿ ಬಿದ್ದ ಕೂಡಲೇ ಖಾಕಿ. ಟ್ಯೂಬಿನ ಬಣ್ಣ ಮಿನಿಯೇಚರ್ ಪೇಂಟಿನಷ್ಟು ನುಣುಪಲ್ಲ, ಸ್ವಲ್ಪ ಹೊಳೆಯುತ್ತೆ ಕೂಡ. ತೆಳುವಾಗಿ ಮೂರು ಕೋಟ್ ಕೊಟ್ಟು ಮೇಲೆ ಮ್ಯಾಟ್ ವಾರ್ನಿಶ್ ಹೊಡೆದರೆ ಆ ಸಮಸ್ಯೆ ಮುಗೀತು.

ಮೊದಲಿನ ಆರು ಸವಾರರ ಬಾಟಲಿ ಬಣ್ಣಕ್ಕೆ ಇದನ್ನ ಹೊಂದಿಸೋದು ಮುಂದಿನ ಕೆಲಸ. ಇಲ್ಲಿ ಒಂದು ಮಾತು ಮರೀಬೇಡಿ. ಎರಡು ಬಣ್ಣ ರೂಮಿನ ಎಲ್‌ಇಡಿ ಕೆಳಗೆ ಒಂದೇ ಥರ ಕಂಡು, ಬಾಲ್ಕನಿಗೆ ತಂದ ಕೂಡಲೇ ಬೇರೆ ಆಗಬಹುದು. ಸೀರೆ ಅಂಗಡಿಯಲ್ಲಿ ನಮ್ಮಮ್ಮ ಬ್ಲೌಸ್ ಪೀಸ್ ಹಿಡ್ಕೊಂಡು ಬಾಗಿಲಾಚೆ ಬೆಳಕಿಗೆ ಬಂದು ನೋಡ್ತಿದ್ರಲ್ಲ, ಅದೇ. ಇಂಗ್ಲಿಷಿನವರು ಇದಕ್ಕೆ ಮೆಟಾಮೆರಿಸಂ ಅಂತ ದೊಡ್ಡ ಹೆಸರಿಟ್ಟಿದ್ದಾರೆ. ನಮ್ಮ ಕಣ್ಣು ಬೆಳಕನ್ನ ಮೂರೇ ಬಗೆಯ ಸಂಕೇತಕ್ಕೆ ಇಳಿಸಿ ಓದುತ್ತೆ, ಹಾಗಾಗಿ ಒಳಗಿನ ವರ್ಣದ್ರವ್ಯ ಬೇರೆ ಇದ್ದರೂ ಒಂದು ಬೆಳಕಲ್ಲಿ ಆ ಮೂರು ಸಂಕೇತ ಸಮ ಆಗಿಬಿಡಬಹುದು. ಬೆಳಕು ಬದಲಾದ್ರೆ ಲೆಕ್ಕ ತಪ್ಪುತ್ತೆ. ಒಳಗಿನ ವಸ್ತುವೇ ಒಂದಾಗಿದ್ರೆ ಯಾವ ಬೆಳಕಲ್ಲೂ ತಪ್ಪಲ್ಲ. ಹಾಗಾಗಿ ಫೋನ್ ಆ್ಯಪ್‌ನಲ್ಲಿ ಹೆಕ್ಸ್ ಕೋಡ್ ತೆಗೆದು ಹೋಲಿಸೋದನ್ನ ನಾನು ನಂಬಲ್ಲ. ಒಂದು ಪಟ್ಟಿಯ ಅರ್ಧಕ್ಕೆ ಕಪ್ಪು, ಅರ್ಧಕ್ಕೆ ಬಿಳಿ ಪ್ರೈಮರ್ ಹೊಡೆದು, ಎರಡೂ ಬಣ್ಣವನ್ನ ಎರಡರ ಮೇಲೂ ಎಳೆದು, ಪೂರ್ತಿ ಒಣಗಿಸಿ (ಅಕ್ರಿಲಿಕ್ ಒಣಗಿದಾಗ ಒಂದು ಶೇಡ್ ಕಪ್ಪಾಗುತ್ತೆ), ವಾರ್ನಿಶ್ ಹೊಡೆದು, ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿ ಹತ್ತಿರ ನೋಡೋದು. ಕಪ್ಪಿನ ಮೇಲೆ ಎಷ್ಟು ಮುಚ್ಚುತ್ತೆ, ಬಿಳಿಯ ಮೇಲೆ ತೆಳುವಾಗಿ ಎಳೆದಾಗ ಯಾವ ಕಡೆ ವಾಲುತ್ತೆ, ಎರಡೂ ಒಟ್ಟಿಗೆ ಗೊತ್ತಾಗುತ್ತೆ. ಬದಲಿಯಾಗಿ ಆರಿಸಿದ್ದು ಬಣ್ಣದಲ್ಲಿ ಹೊಂದಿ, ಮುಚ್ಚೋದರಲ್ಲಿ ಹೊಂದದೆ ಇದ್ರೆ, ಬೊಂಬೆಯ ಮಡಿಕೆಗಳಲ್ಲಿ ಬೇರೆಯಾಗಿಯೇ ಕಾಣುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಎರಡು ಗುಂಪು ಕೂದಲೆಳೆಯಷ್ಟು ಬೇರೆ ಇವೆ. ಎರಡನೆಯದು ಚೂರು ಹಸಿರು. ಅದನ್ನ ಹಾಗೇ ಬಿಟ್ಟಿದ್ದೀನಿ. ತಿಂಗಳುಗಟ್ಟಲೆ ಮರುಭೂಮಿಯಲ್ಲಿ ಬೆವರಿ, ಒಗೆದು, ಹೊಲಿಗೆ ಹಾಕಿ ಹಾಕಿದ ಬಟ್ಟೆ ಅದು. ಒಬ್ಬನಿಗೆ ಹಳೇದು, ಪಕ್ಕದವನಿಗೆ ಹೋದ ವಾರ ಬಂದ ಹೊಸದು. ಇಡೀ ದಳ ಒಂದೇ ಖಾಕಿಯಲ್ಲಿ ಇರೋದು ಪೆರೇಡ್ ಮೈದಾನದಲ್ಲಿ ಮಾತ್ರ, ಅಲ್ಲೂ ಅನುಮಾನ. ಪೇಟಕ್ಕೆ ಇದೇ ಮಿಶ್ರಣಕ್ಕೆ ಇನ್ನೊಂದು ಪಾಲು ಬಿಳಿ ಸೇರಿಸಿದೆ, ತೆಳು ಬಟ್ಟೆ ಬೇಗ ಬಿಳಿಚಿಕೊಳ್ಳುತ್ತೆ ಅಂತ. ಚರ್ಮದ ಪಟ್ಟಿಗಳಿಗೆ ಬರೀ ಅಂಬರ್, ಮೇಲೆ ಒಂದು ಗೆರೆ ಓಕರ್. ಆ ನಾಲ್ಕೇ ಟ್ಯೂಬಿನಲ್ಲಿ ಹನ್ನೆರಡೂ ಸವಾರರು ಮುಗಿದರು. ಉಳಿದಿರೋದು ಕುದುರೆಗಳು. ಮೈಸೂರು ಕುದುರೆಗಳಿಗೆ ಎಲ್ಲಿಂದ ಬಣ್ಣ ತರೋದು ಅನ್ನೋದು ಮುಂದಿನ ವಿಡಿಯೋ.